ಬಡವನ ದೀಪಕ್ಕೆ ಸಾಲ ಕೊಡುವವರಾರು?

ಸೌರ ದೀಪ ಉಳ್ಳವರ ವಸ್ತು, ಬಡವ ಅದನ್ನು ಕೊಳ್ಳಲಾರ, ಕೊಂಡರೂ ಸಾಲ ತೀರಿಸಲಾರ ಎಂಬ ನಂಬಿಕೆ ಒಂದು ಕಾಲದಲ್ಲಿ ಬಲವಾಗಿತ್ತು. ಬೆಂಗಳೂರಿನ ಜೆ.ಪಿ. ನಗರದ ಸೆಲ್ಕೋ ಸಂಸ್ಥೆ ಈ ನಂಬಿಕೆಯನ್ನು ಸುಳ್ಳಾಗಿಸಿತು. 1995ರಲ್ಲಿ ಅದನ್ನು ಹುಟ್ಟುಹಾಕಿದವರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.

ಅವರು ಕಂಡುಕೊಂಡ ಸತ್ಯ ಸರಳವಾದುದು. ಸೀಮೆಎಣ್ಣೆಗೆಂದು ಬಡವ ದಿನವೂ ಹಣ ತೆರುತ್ತಲೇ ಇದ್ದ. ಒಮ್ಮೆಲೇ ದೊಡ್ಡ ಮೊತ್ತ ತೆರುವುದಷ್ಟೇ ಅವನಿಗೆ ಅಸಾಧ್ಯವಾಗಿತ್ತು. ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿ, ರೈತನಿಗೆ ಸುಗ್ಗಿಯ ಕಾಲಕ್ಕೂ ಬೀದಿ ವ್ಯಾಪಾರಿಗೆ ದಿನದ ಗಳಿಕೆಗೂ ಹೊಂದುವ ಕಂತುಗಳನ್ನು ಗೊತ್ತುಪಡಿಸಿದಾಗ ಹಳ್ಳಿಯ ಮನೆಗಳಲ್ಲಿ ದೀಪ ಬೆಳಗಿತು.

ಸರಕಾರದ ಯೋಜನೆಗಳಿಲ್ಲವೆಂದಲ್ಲ. 2023ರ ಗೃಹಜ್ಯೋತಿ ಯೋಜನೆ ಮೀಟರ್ ಇರುವ ಮನೆಗೆ ನೆರವಾಗುತ್ತದೆ. 2024ರ ಪಿ.ಎಂ. ಸೂರ್ಯಘರ್ ಸ್ವಂತ ಛಾವಣಿ ಇರುವವರಿಗೆ ಸಹಾಯಧನ ನೀಡುತ್ತದೆ. ಆದರೆ ಕಟ್ಟಡ ಕೆಲಸಕ್ಕೆ ಬಂದು ಟೆಂಟಿನಲ್ಲಿ ಬದುಕುವ ಕುಟುಂಬಕ್ಕೆ ಮೀಟರೂ ಇಲ್ಲ, ಛಾವಣಿಯೂ ಇಲ್ಲ.

ಇನ್ನು ನಮ್ಮ ಕಡೆಗೆ ನೋಡೋಣ. ಬಡ್ಡಿ ಹರಾಮ್ ಎಂದು ನಾವು ಬೋಧಿಸುತ್ತೇವೆ, ಅದು ಸರಿಯೇ. ಆದರೆ ಸೌರಶಕ್ತಿಯ ಹೊಲಿಗೆ ಯಂತ್ರ ಬಯಸುವ ವಿಧವೆ ಬ್ಯಾಂಕಿಗೆ ಹೋಗಬಾರದೆಂದರೆ ಎಲ್ಲಿಗೆ ಹೋಗಬೇಕು? ಪರ್ಯಾಯ ವ್ಯವಸ್ಥೆಯಿಲ್ಲದ ಉಪದೇಶ ಆಕೆಯನ್ನು ಮೀಟರ್ ಬಡ್ಡಿಯವನ ಬಾಗಿಲಿಗೆ ದೂಡುತ್ತದೆ. ಆ ಪಾಪದಲ್ಲಿ ನಮ್ಮ ಪಾಲಿಲ್ಲವೇ?

ತಿಲಕ್‌ನಗರ, ಗುರಪ್ಪನಪಾಳ್ಯ, ಬನಶಂಕರಿಗಳ ಜಮಾಅತ್‌ಗಳು ಸದಕಾದ ಒಂದು ಪಾಲನ್ನು ಕರ್ಝೆ ಹಸನಾ ನಿಧಿಯಾಗಿ ಮೀಸಲಿಡಲಿ. ಕಂತು ಪಡೆಯುವವರ ಗಳಿಕೆಗೆ ತಕ್ಕಂತಿರಲಿ. ಮರಳಿ ಬಂದ ಹಣ ಮತ್ತೊಂದು ಮನೆಯ ದೀಪವಾಗಲಿ. ನಿಜಕ್ಕೂ ತೀರಿಸಲಾಗದ ಸಾಲಗಾರರು ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸೇರಿದ್ದಾರೆಂಬುದನ್ನು ನಾವು ಮರೆಯದಿರೋಣ. ದುರಸ್ತಿ ಮಾಡುವವರಿಲ್ಲದೆ ದೀಪ ಮೂಲೆ ಸೇರದಂತೆ ನಮ್ಮ ನಿರುದ್ಯೋಗಿ ಯುವಕರಿಗೆ ಆ ಕಸುಬಿನ ತರಬೇತಿ ದೊರೆಯಲಿ. ಊರಿನಲ್ಲಿ ಬಂಧುಗಳಿರುವವರು ಈ ಏರ್ಪಾಡನ್ನು ತಮ್ಮ ಊರಿನ ಮಸೀದಿಗೂ ತಲುಪಿಸಲಿ. ಸಾಲ ಕೊಡುವಾಗ ಧರ್ಮ ಕೇಳದಿರಲಿ, ಕತ್ತಲೆಗೆ ಧರ್ಮವಿಲ್ಲ.

ನಮಾಝ್ ನಿರ್ವಹಿಸುತ್ತಲೇ ನಿತ್ಯೋಪಯೋಗಿ ಸಣ್ಣ ವಸ್ತುಗಳನ್ನೂ ಇತರರಿಗೆ ನಿರಾಕರಿಸುವವರನ್ನು ಪವಿತ್ರ ಕುರ್‌ಆನ್‌ನ ಅಲ್‌ಮಾಊನ್ ಅಧ್ಯಾಯ ಕಟುವಾಗಿ ಎಚ್ಚರಿಸುತ್ತದೆ. ರಮಝಾನ್‌ನಲ್ಲಿ ಮಸೀದಿಯ ಮಿನಾರಕ್ಕೆ ದೀಪಾಲಂಕಾರ ಮಾಡುವ ನಾವು, ಅದರ ನೆರಳಿನಲ್ಲಿರುವ ಮನೆಯೊಳಗೂ ಒಮ್ಮೆ ಇಣುಕಿ ನೋಡಬೇಕಾಗಿದೆ.