ಎಚ್.ಐ.ವಿ. ಮಾತ್ರೆ ಊರಿನ ಆರೋಗ್ಯ ಕೇಂದ್ರದಲ್ಲೇ ಸಿಗಲಿ



ಈ ಅಂಕಣದಲ್ಲಿ ಅರಿಸಿನದ ಬೆಳೆ, ದನಗಳ ಕಾಲುಬಾಯಿ ಜ್ವರದ ಬಗ್ಗೆ ಓದಿ ರೂಢಿಯಾದವರಿಗೆ ಇಂದಿನ ವಿಷಯ ಇರುಸುಮುರುಸಾಗಬಹುದು. ಆದರೂ ಹೇಳಲೇಬೇಕಾಗಿದೆ.

ಎಚ್.ಐ.ವಿ. ಸೋಂಕು ತಗುಲಿದವರು ಎ.ಆರ್.ಟಿ. ಮಾತ್ರೆಯನ್ನು ದಿನವೂ ತಪ್ಪದೆ, ಜೀವನಪೂರ್ತಿ ನುಂಗಬೇಕು. ನುಂಗಿದರೆ ಎಲ್ಲರಂತೆ ಹೊಲದಲ್ಲಿ ದುಡಿಯಬಹುದು. ನಮ್ಮ ಸರಕಾರ 2004ರಿಂದ ಇದನ್ನು ಉಚಿತವಾಗಿ ಕೊಡುತ್ತಿದೆ. ಮಾತ್ರೆ ಉಚಿತವೇನೋ ಸರಿ, ದಾರಿ ಉಚಿತವಲ್ಲವಲ್ಲ! ತಾಳವಾಡಿ ಬೆಟ್ಟದವರು ದಿಂಬಂ ಘಾಟಿಯ 27 ತಿರುವು ಇಳಿದು ಬಯಲಿನ ದೊಡ್ಡಾಸ್ಪತ್ರೆಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಕಟಾವಿನ ಕಾಲದಲ್ಲಂತೂ 'ಮುಂದಿನ ವಾರ ಹೋದರಾಯಿತು' ಅನ್ನಿಸುವುದು ಸಹಜ. ಆ ಮುಂದಿನ ವಾರದಲ್ಲಿ ಮಾತ್ರೆ ತಪ್ಪುತ್ತದೆ.

ದಕ್ಷಿಣ ಆಫ್ರಿಕಾದ ಲುಸಿಕಿಸಿಕಿ ಎಂಬ ಬಡ ಹಳ್ಳಿಗಾಡಿಗೂ ಇದೇ ತೊಂದರೆ ಇತ್ತು. ಒಂದು ಆಸ್ಪತ್ರೆ, 12 ಸಣ್ಣ ದವಾಖಾನೆಗಳು, ಡಾಕ್ಟರುಗಳು ಬೆರಳೆಣಿಕೆ. 2003ರಲ್ಲಿ 'ಗಡಿಗಳಿಲ್ಲದ ವೈದ್ಯರು' ಸಂಸ್ಥೆ ಅಲ್ಲಿನ ಸರಕಾರದ ಜೊತೆ ಸೇರಿ, ದವಾಖಾನೆಯ ದಾದಿಯರ ಕೈಗೇ ಚಿಕಿತ್ಸೆ ಒಪ್ಪಿಸಿತು. ಮಾತ್ರೆ ತಪ್ಪದಂತೆ ತಿಳಿಹೇಳಲು ಊರಿನವರಿಗೇ ತರಬೇತಿ ಕೊಟ್ಟರು. ಒಂದು ವರ್ಷದ ನಂತರ ನೋಡಿದರೆ, ಆಸ್ಪತ್ರೆಗೆ ಹೋಗುತ್ತಿದ್ದವರಲ್ಲಿ ನೂರಕ್ಕೆ 19 ಮಂದಿ ಚಿಕಿತ್ಸೆ ಬಿಟ್ಟು ಕಣ್ಮರೆಯಾಗಿದ್ದರು. ದವಾಖಾನೆಗೆ ಬರುತ್ತಿದ್ದವರಲ್ಲಿ 2 ಮಂದಿ ಮಾತ್ರ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಈ ಕೆಲಸ ಹಂಚಿಕೆಗೆ ಮಾರ್ಗಸೂಚಿ ಹೊರಡಿಸಿತು.

ನಮ್ಮ ದೇಶದಲ್ಲೂ ಲಿಂಕ್ ಎ.ಆರ್.ಟಿ. ಕೇಂದ್ರಗಳಿವೆ, ಚಿಕಿತ್ಸೆಗೆ ಒಗ್ಗಿಕೊಂಡವರು ಅಲ್ಲಿಂದ ಮಾತ್ರೆ ಪಡೆಯಬಹುದು. ಈ ಸೌಲಭ್ಯ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಬರಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಬಾಣಂತಿ, ಲಸಿಕೆ, ಲೆಕ್ಕಪುಸ್ತಕ ಎಂದು ಈಗಲೇ ಬೆನ್ನು ಬಾಗಿರುವ ದಾದಿಯಮ್ಮನ ಮೇಲೆ ಇದನ್ನೂ ಬಿಟ್ಟಿಯಾಗಿ ಹೇರುವುದು ಅನ್ಯಾಯ. ತರಬೇತಿಯೂ ಬೇಕು, ಸಂಬಳವೂ ಬೇಕು, ಇನ್ನೊಬ್ಬರ ನೆರವೂ ಬೇಕು.

ಇನ್ನೊಂದು ಮಾತು ನೇರವಾಗಿ ನಮಗೆ ಸಂಬಂಧಪಟ್ಟದ್ದು. ಹತ್ತಿರದಲ್ಲಿ ಸಿಕ್ಕರೂ ಬೇಕೆಂದೇ ದೂರದ ಆಸ್ಪತ್ರೆಗೆ ಹೋಗುವವರುಂಟು. ಏಕೆ? ಊರಿನವರ ಕಣ್ಣಿಗೆ ಹೆದರಿ. ಯಾರು ಯಾವ ಬಾಗಿಲಲ್ಲಿ ನಿಂತಿದ್ದರೆಂಬ ಸುದ್ದಿ ಭಾನುವಾರದ ಪೂಜೆ ಮುಗಿಯುವಷ್ಟರಲ್ಲಿ ದೇವಾಲಯದ ಅಂಗಳ ತಲುಪಿರುತ್ತದೆ. ವಿಶ್ವಾಸದಿಂದ ಹೇಳಿದ ಸೋಂಕಿನ ವಿಷಯವನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು 2017ರ ಕಾನೂನು ನಿಷೇಧಿಸಿದೆ. ಅಂಗಳದ ಮಾತಿಗೆ ಕಾನೂನು ಎಲ್ಲಿ ಅಡ್ಡ ಬಂದೀತು? ಅದನ್ನು ನಾವೇ ನಿಲ್ಲಿಸಬೇಕು.

ಮುಂದಿನ ಗ್ರಾಮಸಭೆಗೆ ಅರ್ಜಿ ಬರೆದಿಟ್ಟಿದ್ದೇನೆ. ಕಾಯಿಲೆಯವರನ್ನು ಮುಂದೆ ನಿಲ್ಲಿಸುವುದು ಬೇಡ. ಎಲ್ಲ ಮನೆಯವರೂ ಸಹಿ ಹಾಕಿದರೆ ಯಾರ ಮನೆಯ ಕಷ್ಟವೆಂದು ಯಾರಿಗೂ ತಿಳಿಯದು. ಪೂಜೆಯ ನಂತರ ಗುರುಮನೆಗೆ ಬನ್ನಿ.