ಅಂಚೆ ಕಾರ್ಡು ಹಾಕದ ಅಪ್ಪ

ಒಂದು ಅಂಚೆ ಕಾರ್ಡು ಹಾಕಿದ್ದರೆ ಸಾಕಿತ್ತು ಎಂದು 1983ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಬ್ಬ ಅಪ್ಪನಿಗೆ ಹೇಳಿತು. ಮದುವೆಯಾಗದೆ ತಂದೆಯಾದವರು ತಮ್ಮ ಹೆಸರು ಬರೆಸಿಡಲು ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ದಫ್ತರವಿತ್ತು. ಅದರಲ್ಲಿ ಹೆಸರಿದ್ದರೆ ಮಗುವನ್ನು ದತ್ತು ಕೊಡುವ ಮುಂಚೆ ನೋಟಿಸು ಬರುತ್ತಿತ್ತು. ಈತ ಬರೆಸಿರಲಿಲ್ಲ. ಮಗಳು ಹುಟ್ಟಿದ ಎಂಟು ತಿಂಗಳಿಗೆ ಅವಳ ತಾಯಿ ಬೇರೊಬ್ಬರನ್ನು ಮದುವೆಯಾದರು. ಮಗುವಿಗೆ ಎರಡು ವರ್ಷ ದಾಟಿದ ಮೇಲೆ ಆ ಗಂಡ ಅದನ್ನು ದತ್ತು ಪಡೆಯಲು ಅರ್ಜಿ ಹಾಕಿದರು. ಸುಮಾರು ಒಂದು ತಿಂಗಳಲ್ಲಿ, ದತ್ತಕದ ಸುದ್ದಿ ತಿಳಿಯದೆಯೇ, ಈತ ಇನ್ನೊಂದು ಕೋರ್ಟಿನಲ್ಲಿ ತಾನೇ ತಂದೆ ಎಂದು ಘೋಷಿಸುವಂತೆ ಕೇಳಿಕೊಂಡ. ಆ ಅರ್ಜಿಯ ವಿಷಯ ದತ್ತಕದ ನ್ಯಾಯಾಧೀಶರಿಗೆ ಗೊತ್ತಿತ್ತು. ಗೊತ್ತಿದ್ದೂ ಅವರು ಆದೇಶಕ್ಕೆ ಸಹಿ ಹಾಕಿದರು.

'ಲೆಹರ್ ವಿರುದ್ಧ ರಾಬರ್ಟ್‌ಸನ್' ಎಂಬ ಈ ಮೊಕದ್ದಮೆಯ ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಸ್ಟೀವನ್ಸ್. ಅವರ ವಾದವನ್ನು ಸುಲಭವಾಗಿ ತಳ್ಳಿಹಾಕಲು ಬರುವುದಿಲ್ಲ. ರಕ್ತಸಂಬಂಧ ಒಬ್ಬ ಗಂಡಸಿಗೆ ಬೇರೆ ಯಾರಿಗೂ ಇಲ್ಲದ ಒಂದು ಅವಕಾಶವನ್ನು ಕೊಡುತ್ತದೆ, ಅದನ್ನು ಬಳಸಿಕೊಂಡು ಮಗುವಿನ ಹೊಣೆ ಹೊತ್ತವನಿಗೆ ಸಂವಿಧಾನದ ರಕ್ಷಣೆ ಉಂಟು, ಬಳಸದೆ ಕೂತವನಿಗೆ ಇಲ್ಲ ಎಂದರು ಅವರು. ನಾನೂ ಇದನ್ನು ಒಪ್ಪುತ್ತೇನೆ. ಬೀಜದಿಂದಷ್ಟೇ ಯಾರೂ ಅಪ್ಪನಾಗುವುದಿಲ್ಲ.

ಆದರೆ ಮೂವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಅವರ ಪರವಾಗಿ ಬರೆದ ನ್ಯಾಯಮೂರ್ತಿ ಬೈರನ್ ವೈಟ್, ಆ ಮನುಷ್ಯ ಹೇಳಿಕೊಂಡ ಕಥೆಯನ್ನು ಮುಂದಿಟ್ಟರು. ಆಸ್ಪತ್ರೆಗೆ ದಿನವೂ ಹೋಗಿದ್ದೆ, ಆಮೇಲೆ ತಾಯಿ ಮಗುವಿನೊಂದಿಗೆ ಎಲ್ಲಿದ್ದಾಳೆಂಬುದನ್ನೇ ಮುಚ್ಚಿಟ್ಟಳು, ಪತ್ತೇದಾರರನ್ನಿಟ್ಟು ಹುಡುಕಿಸಿದೆ, ಮಗಳ ಹೆಸರಿನಲ್ಲಿ ಹಣ ಇಡುತ್ತೇನೆಂದೆ, ಪೊಲೀಸರನ್ನು ಕರೆಸುತ್ತೇನೆಂದು ಹೆದರಿಸಿ ಕಳಿಸಿದರು ಎಂಬುದು ಅವನ ಮಾತು. ನಿಜವೋ ಸುಳ್ಳೋ, ಅದನ್ನು ಯಾವ ಕೋರ್ಟೂ ವಿಚಾರಿಸಲೇ ಇಲ್ಲ. ನನ್ನನ್ನು ಕಾಡುವುದು ಇದೇ. ಅಪ್ಪತನ ಅಕ್ಕರೆಯಿಂದ ಗಳಿಸಬೇಕಾದದ್ದು ಎನ್ನುವ ನ್ಯಾಯಾಲಯ, ಅಕ್ಕರೆ ತೋರಿಸಲು ಅವನನ್ನು ಬಾಗಿಲ ಬಳಿ ಬಿಟ್ಟರೋ ಇಲ್ಲವೋ ಎಂದು ಕೇಳಬೇಡವೆ?

ಹನ್ನೊಂದು ವರ್ಷ ಹಿಂದೆ, 1972ರಲ್ಲಿ, ಇದೇ ವೈಟ್ ಅವರು 'ಸ್ಟ್ಯಾನ್ಲಿ ವಿರುದ್ಧ ಇಲಿನಾಯ್' ತೀರ್ಪು ಬರೆದಿದ್ದರು. ಅಲ್ಲಿ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ಮದುವೆಯಿಲ್ಲದೆ ಹದಿನೆಂಟು ವರ್ಷ ಬಿಟ್ಟು ಬಿಟ್ಟು ಜೊತೆಗೆ ಬಾಳಿ ಮೂರು ಮಕ್ಕಳನ್ನು ಪಡೆದಿದ್ದರು. ಹೆಂಗಸು ತೀರಿಕೊಂಡಾಗ ಸರ್ಕಾರ ಆ ಮಕ್ಕಳನ್ನು ಅನಾಥರೆಂದೇ ಎಣಿಸಿ ತೆಗೆದುಕೊಂಡು ಹೋಯಿತು. ಮದುವೆಯಾಗದ ತಂದೆ ಆ ರಾಜ್ಯದ ಕಾನೂನಿನ ಲೆಕ್ಕದಲ್ಲಿ ತಂದೆಯೇ ಅಲ್ಲ, ಅವನು ಯೋಗ್ಯನೋ ಅಯೋಗ್ಯನೋ ಎಂದು ನೋಡುವ ಗೋಜೂ ಬೇಕಿರಲಿಲ್ಲ. ಅವನ ಮಾತು ಕೇಳದೆ ಮಕ್ಕಳನ್ನು ಕಸಿಯುವಂತಿಲ್ಲ ಎಂದಿತು ಸುಪ್ರೀಂ ಕೋರ್ಟು. ಇಂಥ ತಂದೆಯರ ಹಕ್ಕಿನ ಮಾತು ಅಲ್ಲಿ ಶುರುವಾದದ್ದು ಆ ತೀರ್ಪಿನಿಂದ. 1979ರಲ್ಲಿ, ಮಕ್ಕಳನ್ನು ಕೆಲವು ವರ್ಷ ಜೊತೆಗಿದ್ದು ಸಾಕಿದ ಇನ್ನೊಬ್ಬ ಅಪ್ಪನೂ ಗೆದ್ದ. ಅದಕ್ಕೆ ಒಂದು ವರ್ಷ ಮುಂಚೆ, ಹನ್ನೊಂದು ವರ್ಷ ಮಗನ ಹೊಣೆ ಹೊರದೆ ಕಡೆಗೆ ದತ್ತಕಕ್ಕೆ ಅಡ್ಡ ಬಂದವನು ಸೋತಿದ್ದ. ಎರಡೂ ಸರಿಯೇ.

ಈಗ ಅಮೆರಿಕದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಅಂಥ ದಫ್ತರವಿದೆ. ಹಲವೆಡೆ ಮಗು ಹುಟ್ಟಿದ ಮೂವತ್ತು ದಿನದೊಳಗೆ ಬರೆಸಬೇಕು. ಇಂಥದೊಂದು ಇದೆಯೆಂದು ತಿಳಿದ ಹುಡುಗರು ಎಷ್ಟು ಮಂದಿ? ತನಗೆ ಮಗುವಾಗಿದೆ ಎಂಬುದೇ ಗೊತ್ತಿಲ್ಲದವನು ಏನೆಂದು ಬರೆಸಬೇಕು? ತಡವಾಗಿ ಬಂದ ಅಪ್ಪನ ಹಕ್ಕನ್ನು ಎತ್ತಿಹಿಡಿದರೆ ಏನಾಗುತ್ತದೆ ಎಂಬುದನ್ನೂ ಆ ದೇಶ ಕಂಡಿದೆ. 1993ರಲ್ಲಿ, ಹಸುಗೂಸಾಗಿದ್ದಾಗಿನಿಂದ ಸಾಕಿದ ಮನೆಯಿಂದ ಎರಡೂವರೆ ವರ್ಷದ ಹೆಣ್ಣುಮಗುವನ್ನು ಹುಟ್ಟಿಸಿದವರಿಗೆ ಮರಳಿಸಲಾಯಿತು. ಅದರ ತಾಯಿ ಮೊದಲು ಬೇರೊಬ್ಬನನ್ನು ತಂದೆಯೆಂದು ಹೆಸರಿಸಿದ್ದರು, ನಿಜವಾದ ತಂದೆಯ ಒಪ್ಪಿಗೆ ಯಾರೂ ಪಡೆದಿರಲಿಲ್ಲ. ಆ ಮಗುವಿನ ಅಳುವನ್ನು ಟಿವಿಯಲ್ಲಿ ದೇಶವೇ ನೋಡಿತು. ಬಾಗಿಲು ಸಕಾಲಕ್ಕೆ ತೆರೆಯದಿದ್ದರೆ ಕಡೆಗೆ ಅದರ ಸಂದಿಯಲ್ಲಿ ಬೆರಳು ಸಿಕ್ಕಿಕೊಳ್ಳುವುದು ಮಗುವಿನದೇ.

ನಮ್ಮಲ್ಲಿ ಈ ಪ್ರಶ್ನೆ ಹಳೆಯದು. ಮದುವೆಯಾಗದ ಕನ್ಯೆಗೆ ಹುಟ್ಟಿದವನನ್ನು ಶಾಸ್ತ್ರ ಕಾನೀನ ಎಂದು ಕರೆದು ಹನ್ನೆರಡು ಬಗೆಯ ಮಕ್ಕಳಲ್ಲಿ ಸೇರಿಸಿತು. ಅವನು ಯಾರ ಮಗ? ಅವಳನ್ನು ಮುಂದೆ ಮದುವೆಯಾದವನ ಮಗ ಎಂದ ಮನು, ತಾಯಿಯ ತಂದೆಯ ಮಗ ಎಂದ ಯಾಜ್ಞವಲ್ಕ್ಯ. ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಕೂತು ಮಿತಾಕ್ಷರ ಬರೆದ ವಿಜ್ಞಾನೇಶ್ವರ ಎರಡನ್ನೂ ಹೊಂದಿಸಿದ: ಅವಳು ಮದುವೆಯಾಗದೆ ಉಳಿದರೆ ಅಜ್ಜನ ಮಗ, ಮದುವೆಯಾದರೆ ಗಂಡನ ಮಗ. ಮಗುವಿಗೆ ಒಂದು ಮನೆ ಸಿಗಬೇಕು ಎಂಬ ಕಾಳಜಿ ಇದರಲ್ಲಿ ಇದೆ. ಹುಟ್ಟಿಸಿದವನಿಗೆ ಮಾತ್ರ ಎಲ್ಲೂ ಜಾಗವಿಲ್ಲ. ಕರ್ಣನಿಗಾಗಿ ಮರುಗುವ ನಾವು ಕುಂತಿಯನ್ನು ಎಷ್ಟೋ ಸಲ ಪ್ರಶ್ನಿಸಿದ್ದೇವೆ, ಸೂರ್ಯನನ್ನು ಕೇಳಿದ್ದು ಕಡಿಮೆ.

ಇಂದಿನ ದತ್ತಕ ನಿಯಮದಲ್ಲೂ ಅದೇ ನೆರಳಿದೆ. ಮದುವೆಯಾದ ದಂಪತಿ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸುವುದಾದರೆ ಇಬ್ಬರ ಸಹಿಯೂ ಬೇಕು. ಮದುವೆಯ ಆಚೆ ಹುಟ್ಟಿದ ಮಗುವನ್ನು ತಾಯಿಯೊಬ್ಬಳೇ ಒಪ್ಪಿಸಬಹುದು. ಮನಸ್ಸು ಬದಲಾದರೆ ಅರವತ್ತು ದಿನದ ಅವಧಿ ಉಂಟು. ತಾಯಿಗೆ ಈ ಅಧಿಕಾರ ಕೊಟ್ಟದ್ದು ತಪ್ಪೆನ್ನಲಾರೆ. ಕೈಬಿಟ್ಟು ಹೋದವನ ಹೆಸರು ಹೇಳು ಎಂದು ಆ ಹುಡುಗಿಯನ್ನು ಒತ್ತಾಯಿಸುವುದಕ್ಕಿಂತ ಕ್ರೂರವಾದದ್ದು ಇಲ್ಲ. 2015ರಲ್ಲಿ ನಮ್ಮ ಸುಪ್ರೀಂ ಕೋರ್ಟು, ಮಗನನ್ನು ಒಬ್ಬಳೇ ಸಾಕಿದ ತಾಯಿ ಪಾಲಕತ್ವ ಕೇಳಿದಾಗ ತಂದೆಯ ಹೆಸರು ಹೇಳಬೇಕಿಲ್ಲ, ಅವನಿಗೆ ನೋಟಿಸು ಕೊಡಬೇಕಿಲ್ಲ ಎಂದದ್ದು ಸರಿಯಾದ ಮಾತು. ಮಗುವಿಗಾಗಿ ಏನೂ ಮಾಡದವನನ್ನು ಹುಡುಕಿಕೊಂಡು ಹೋಗಿ ಹಕ್ಕು ಕೊಡುವ ಕೆಲಸ ಕಾನೂನಿನದಲ್ಲ.

ಹಾಗಾದರೆ ತಾನಾಗಿಯೇ ಬಂದವನನ್ನು ಏನು ಮಾಡಬೇಕು? 2021ರ ಏಪ್ರಿಲ್‌ನಲ್ಲಿ ಕೇರಳ ಹೈಕೋರ್ಟಿನ ಮುಂದೆ ಇಂಥದೇ ಪ್ರಕರಣ ಬಂತು. ಮದುವೆಯಿಲ್ಲದೆ ಜೊತೆಗಿದ್ದ ಜೋಡಿ, ಸಂಪರ್ಕ ತಪ್ಪಿ ದೂರವಾದ ಗಂಡಸು, ದಿಕ್ಕು ತೋಚದೆ ಮಗುವನ್ನು ಸಮಿತಿಗೆ ಒಪ್ಪಿಸಿದ ಹೆಂಗಸು. ಅವನು ಮರಳಿ, ಇಬ್ಬರೂ ಕೂಡಿ ಮಗುವನ್ನು ಕೇಳುವ ಹೊತ್ತಿಗೆ ಅದು ದತ್ತು ಹೋಗಿಯಾಗಿತ್ತು. ಜೊತೆಯಾಗಿ ಬಾಳಿದವರ ಮಗುವನ್ನು, ಒಪ್ಪಿಸುವ ವಿಷಯದಲ್ಲಿ, ಮದುವೆಯಾದವರ ಮಗುವಿನಂತೆಯೇ ನೋಡಬೇಕು ಎಂದಿತು ಹೈಕೋರ್ಟು. ಆ ತೀರ್ಪು ಓದಿದಾಗ ಹುಟ್ಟಿಸಿದವರಿಗಾಗಿ ಸಮಾಧಾನವಾಯಿತು, ಮಗುವನ್ನು ಅಪ್ಪಿಕೊಂಡಿದ್ದ ಆ ಇನ್ನೊಂದು ಮನೆಯನ್ನು ನೆನೆದು ಸಂಕಟವೂ ಆಯಿತು.

ಈ ಸಂಕಟವನ್ನು ಕಡಿಮೆ ಮಾಡಬಹುದಾದ ಜಾಗ ಆ ಅರವತ್ತು ದಿನ. ತಾಯಿ ಯಾರ ಹೆಸರನ್ನೂ ಹೇಳಬೇಕಾಗಿಲ್ಲ. ಆದರೆ ಆ ದಿನಗಳಲ್ಲಿ ಒಬ್ಬ ಹುಡುಗ ತಾನಾಗಿಯೇ ಜಿಲ್ಲೆಯ ಸಮಿತಿಯ ಕಚೇರಿಗೆ ಬಂದು, ಈ ಮಗು ನನ್ನದು, ಪರೀಕ್ಷೆ ಮಾಡಿಸಿ, ಸಾಕುತ್ತೇನೆ ಎಂದರೆ, ಅವನ ಅರ್ಜಿಯನ್ನು ತೆಗೆದುಕೊಂಡು ರಸೀದಿ ಕೊಡಬೇಕು. ಅವನಿಂದ ತಾಯಿಗೆ ಹಿಂಸೆಯಾಗಿತ್ತೇ ಎಂದು ಅವಳನ್ನು ಗುಟ್ಟಾಗಿ ವಿಚಾರಿಸಬೇಕು. ಅವನು ಸಾಕಬಲ್ಲನೇ ಎಂದು ಮನೆಗೆ ಹೋಗಿ ನೋಡಬೇಕು. ಅಲ್ಲಿಯವರೆಗೆ ಮಗುವನ್ನು ದತ್ತಕಕ್ಕೆ ಮುಕ್ತವೆಂದು ಘೋಷಿಸಬಾರದು. ಇಷ್ಟನ್ನು ನಿಯಮದಲ್ಲಿ ಬರೆದು, ಕನ್ನಡದಲ್ಲಿ ಅಚ್ಚು ಹಾಕಿ, ಪ್ರತಿ ಹೆರಿಗೆ ಆಸ್ಪತ್ರೆಯ ಗೋಡೆಗೆ ಅಂಟಿಸಬೇಕು.