ನಮ್ಮ ತೀರ್ಮಾನವನ್ನು ನಾವು ಎಷ್ಟು ನಂಬಬಹುದು?

ಐ.ಪಿ.ಎಲ್. ಕ್ರಿಕೆಟ್ಟಿನ ದಿನಗಳಲ್ಲಿ, ಸಂಜೆ ವಿಶ್ವೇಶ್ವರಪುರಂನ ಸಜ್ಜನರಾವ್ ವೃತ್ತದ ಬಳಿಯ ತಿಂಡಿ ಬೀದಿಯಲ್ಲಿ ನಿಂತರೆ, ದೋಸೆಯ ಹಂಚಿನ ಸದ್ದಿನೊಡನೆ ಇನ್ನೊಂದು ಸದ್ದೂ ಕಿವಿಗೆ ಬೀಳುತ್ತದೆ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಮೊಬೈಲು ಹಿಡಿದ ತರುಣರು ಅಂದಿನ ಪಂದ್ಯದ ಫಲವನ್ನು ಮುಂಗಡವಾಗಿ ಸಾರುತ್ತಿರುತ್ತಾರೆ. “ಇಂದು ನಮ್ಮವರೇ ಗೆಲ್ಲುವುದು, ನನ್ನ ಮನಸ್ಸು ಹೇಳುತ್ತಿದೆ” ಎನ್ನುತ್ತಾನೆ ಒಬ್ಬ. “ಹಾಗಾದರೆ ಐನೂರು ಕಟ್ಟುವೆಯಾ?” ಎಂದು ಇನ್ನೊಬ್ಬ ಕೇಳುತ್ತಾನೆ. ಹರಟೆಯಾಗಿದ್ದ ಮಾತು ಅಲ್ಲಿಗೆ ಪಣವಾಗುತ್ತದೆ.

ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದವನು ನಮ್ಮದೇ ತರಗತಿಯ ಒಬ್ಬ ವಿದ್ಯಾರ್ಥಿ. ಲೆಕ್ಕದಲ್ಲಿ ಚುರುಕು, ನಡತೆಯಲ್ಲಿ ಸಾಧು. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ಆತ ನಮ್ಮ ಕೊಠಡಿಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ತಂದೆ ಕೊಟ್ಟ ಹಣ ಕ್ರಿಕೆಟ್ಟಿನ ಬಾಜಿಯಲ್ಲಿ ಕರಗಿಹೋಗಿತ್ತು. ಬೈಯುವುದರಿಂದ ಪ್ರಯೋಜನವಿಲ್ಲವೆಂದು ತಿಳಿದು, ಅವನು ಇದಕ್ಕೆ ಇಳಿದುದು ಹೇಗೆಂದು ಮಾತ್ರ ಕೇಳಿದೆವು. “ಮೊದಲ ಐದು ಸಲವೂ ನಾನು ಹೇಳಿದ ಹಾಗೆಯೇ ಆಯಿತು, ಸಾರ್. ನನಗೆ ಆಟ ಗೊತ್ತು ಅಂದುಕೊಂಡೆ” ಎಂದ.

ಶುಲ್ಕದ ವ್ಯವಸ್ಥೆ ಹೇಗೋ ಆಯಿತು. ಆದರೆ ಆ ಉತ್ತರ ನಮ್ಮ ಮನಸ್ಸಿನಿಂದ ಹೋಗಲಿಲ್ಲ. ದುಡ್ಡಿನ ದುರಾಸೆಯಿಂದ ಕೆಟ್ಟವರ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಈ ಹುಡುಗನನ್ನು ಕೆಡಿಸಿದುದಾದರೋ ಅದಕ್ಕಿಂತ ಗೌರವಸ್ಥವಾಗಿ ಕಾಣುವ ಒಂದು ವಸ್ತು, ಅವನಿಗೆ ತನ್ನ ತೀರ್ಮಾನದ ಮೇಲಿದ್ದ ನಂಬಿಕೆ. ಆತ್ಮವಿಶ್ವಾಸ ಬೇಕೆಂದು ದಿನವೂ ಬೋಧಿಸುವ ಅಧ್ಯಾಪಕರಾದ ನಾವು ಇದಕ್ಕೆ ಉತ್ತರ ಹೇಳಬೇಡವೆ?

ಮೊದಲು ಆ ಐದು ಗೆಲುವುಗಳನ್ನು ಪರಿಶೀಲಿಸೋಣ. ಆಟದ ಗಂಧವೇ ಇಲ್ಲದವನೊಬ್ಬ ನಾಣ್ಯ ಚಿಮ್ಮಿ ಎರಡು ಸಮಬಲದ ತಂಡಗಳಲ್ಲಿ ಒಂದನ್ನು ಆರಿಸುತ್ತಾನೆನ್ನಿ. ಅವನ ಮಾತು ಒಮ್ಮೆ ನಿಜವಾಗುವ ಸಂಭವ ಎರಡರಲ್ಲಿ ಒಂದು; ಸತತವಾಗಿ ಐದು ಸಲ ನಿಜವಾಗುವ ಸಂಭವ ಮೂವತ್ತೆರಡರಲ್ಲಿ ಒಂದು. ಒಂದು ಕಾಲೇಜಿನಲ್ಲಿ 320 ಹುಡುಗರು ಹೀಗೆ ನಾಣ್ಯ ಚಿಮ್ಮಿ ಬಾಜಿ ಕಟ್ಟಿದರೆ, ಸರಾಸರಿ ಹತ್ತು ಮಂದಿಗೆ ಐದಕ್ಕೆ ಐದೂ ಗೆಲುವೇ ದೊರೆಯುವುದು. ಆ ಹತ್ತು ಮಂದಿಯೂ ತಮಗೆ ಆಟ ಗೊತ್ತೆಂದು ಪ್ರಾಮಾಣಿಕವಾಗಿಯೇ ನಂಬುತ್ತಾರೆ. ಮೊದಲ ಸಲವೇ ಸೋತವರು ಮನೆಗೆ ಹೋಗಿ ಮಲಗುತ್ತಾರೆ. ಗೆದ್ದವರು ಮಾತ್ರ ತಿಂಡಿ ಬೀದಿಯಲ್ಲಿ ನಿಂತು ತಮ್ಮ ಜಾಣ್ಮೆಯನ್ನು ವರ್ಣಿಸುತ್ತಾರೆ. ನಮ್ಮ ವಿದ್ಯಾರ್ಥಿ ಆ ಹತ್ತರಲ್ಲಿ ಒಬ್ಬನಾಗಿದ್ದನೆಂಬುದಕ್ಕಿಂತ ಹೆಚ್ಚಿನದೇನನ್ನೂ ಅವನ ಐದು ಗೆಲುವುಗಳು ಸಾಧಿಸಿ ತೋರಿಸುವುದಿಲ್ಲ.

ಇನ್ನು ಬಾಜಿಯ ವ್ಯಾಪಾರವನ್ನು ನೋಡೋಣ. ಸಮಬಲದ ಎರಡು ತಂಡಗಳ ಪಂದ್ಯದಲ್ಲಿ ನ್ಯಾಯವಾದ ಪಣವೆಂದರೆ, ನೂರು ರೂಪಾಯಿ ಕಟ್ಟಿ ಗೆದ್ದವನಿಗೆ ಇನ್ನೂರು ರೂಪಾಯಿ ಹಿಂದಿರುಗಬೇಕು. ಆದರೆ ಬುಕ್ಕಿಯಾದವನು ಧರ್ಮಕ್ಕೆ ಅಂಗಡಿ ತೆರೆದಿಲ್ಲ. ಅವನು 190 ರೂಪಾಯಿ ಮಾತ್ರ ಕೊಡುತ್ತಾನೆನ್ನಿ. ಆಗ ಪ್ರತಿ ನೂರು ರೂಪಾಯಿಗೆ ನಮಗೆ ಸರಾಸರಿ ಬರುವುದು 95 ರೂಪಾಯಿ. ಐದು ರೂಪಾಯಿ ತಾನೆ ಎಂದು ಅಲಕ್ಷಿಸುವಂತಿಲ್ಲ. ಸಾವಿರ ರೂಪಾಯಿಯೊಡನೆ ಹೊರಟವನು ನೂರು ನೂರರಂತೆ, ಗೆದ್ದುದನ್ನೂ ಮತ್ತೆ ಹೂಡುತ್ತ, ಇನ್ನೂರು ಬಾಜಿ ಕಟ್ಟುವುದಾದರೆ ಒಟ್ಟು ಕಟ್ಟಿದ ಮೊತ್ತ ಇಪ್ಪತ್ತು ಸಾವಿರವಾಗುತ್ತದೆ. ಅದರ ನೂರಕ್ಕೆ ಐದು ಎಂದರೆ ಒಂದು ಸಾವಿರ, ಅಂದರೆ ಅವನ ಬಂಡವಾಳವೆಲ್ಲ! ಈ ನಷ್ಟವನ್ನು ತಪ್ಪಿಸಿಕೊಳ್ಳಬೇಕಾದರೆ ನೂರರಲ್ಲಿ ಸುಮಾರು 53 ಸಲ ಅವನ ತೀರ್ಮಾನ ಸರಿಯಾಗಿರಬೇಕು. ನಮ್ಮ ಬೆಂಗಳೂರಿನ ಕುದುರೆ ಪಂದ್ಯದ ಟೋಟ್ ಪದ್ಧತಿಯಲ್ಲಿಯೂ ಕಥೆ ಬೇರೆಯಲ್ಲ. ಅಲ್ಲಿ ಕಟ್ಟಿದ ಹಣವೆಲ್ಲ ಒಂದು ರಾಶಿಯಾಗಿ, ಕ್ಲಬ್ಬಿನ ಪಾಲೂ ಸರ್ಕಾರದ ತೆರಿಗೆಯೂ ಕಳೆದು ಉಳಿದುದು ಮಾತ್ರ ಗೆದ್ದವರಿಗೆ ಹಂಚಿಕೆಯಾಗುತ್ತದೆ. ಕಟ್ಟಿದವರೆಲ್ಲರನ್ನೂ ಒಟ್ಟಿಗೆ ತೆಗೆದುಕೊಂಡರೆ ಅವರಿಗೆ ನಷ್ಟವೇ.

“ನಾನು ನಾಣ್ಯವಲ್ಲ, ಮನುಷ್ಯ. ಪಿಚ್ಚನ್ನು ಬಲ್ಲೆ, ಆಟಗಾರರನ್ನು ಬಲ್ಲೆ. ನೂರಕ್ಕೆ 55 ಸಲ ಸರಿಯಾಗಿ ಹೇಳುತ್ತೇನೆ” ಎಂದು ವಾದಿಸುವವರುಂಟು. ಆಗಬಹುದು. ಆದರೆ ಅದು ಜಾಣ್ಮೆಯೋ ಅದೃಷ್ಟವೋ ಎಂದು ಅರಿಯುವ ಬಗೆ ಹೇಗೆ? ನಾಣ್ಯವನ್ನು ನೂರು ಸಲ ಚಿಮ್ಮುವ ಪ್ರಯೋಗವನ್ನು ಮತ್ತೆ ಮತ್ತೆ ನಡೆಸಿದರೆ, ಅಂತಹ ನೂರು ಪ್ರಯೋಗಗಳಲ್ಲಿ ಸುಮಾರು 18ರಲ್ಲಿ 55 ಅಥವಾ ಅದಕ್ಕಿಂತ ಹೆಚ್ಚು ಸಲ ರಾಜನ ಮುಖ ಬೀಳುತ್ತದೆ. ಆದುದರಿಂದ ನೂರು ಪಂದ್ಯಗಳ ದಾಖಲೆ ಸಾಲದು. ಕನಿಷ್ಠ 400 ಪಂದ್ಯಗಳಾದರೂ ಬೇಕು. ಅವುಗಳಲ್ಲಿ 220 ಸರಿಯಾಗಿದ್ದರೆ ಅದನ್ನು ಕೇವಲ ಅದೃಷ್ಟವೆನ್ನಲು ಹಿಂಜರಿಯಬಹುದು. 2025ರ ಐ.ಪಿ.ಎಲ್. ಋತುವಿನ ಪಂದ್ಯಗಳ ಸಂಖ್ಯೆ 74. ಒಂದು ಪಂದ್ಯವನ್ನೂ ಬಿಡದೆ ಊಹಿಸಿದರೂ 400 ತುಂಬಲು ಐದು ವರ್ಷಗಳಿಗೂ ಹೆಚ್ಚು ಕಾಲ ಬೇಕಾಗುತ್ತದೆ. ನಮ್ಮ ವಿದ್ಯಾರ್ಥಿ ಐದು ಪಂದ್ಯಗಳಲ್ಲಿಯೇ ತೃಪ್ತನಾಗಿದ್ದ!

ಭೌತಶಾಸ್ತ್ರದ ಪ್ರಯೋಗಶಾಲೆಗೆ ಮೊದಲ ದಿನ ಬಂದವರಿಗೆ ನಾವು ಸ್ಕ್ರೂ ಗೇಜನ್ನು ಕೊಟ್ಟು, ತಂತಿಯನ್ನು ಅಳೆಯುವ ಮೊದಲು ಅದರ ಶೂನ್ಯ ದೋಷವನ್ನು ನೋಡಿರೆಂದು ಹೇಳುತ್ತೇವೆ. ನಡುವೆ ಏನೂ ಇಲ್ಲದಾಗಲೂ ಉಪಕರಣ ಏನನ್ನೋ ತೋರಿಸುತ್ತಿದ್ದರೆ ಅದನ್ನು ಲೆಕ್ಕದಿಂದ ಕಳೆಯಬೇಕು. ನಮ್ಮ ತೀರ್ಮಾನಶಕ್ತಿಯೂ ಒಂದು ಉಪಕರಣವೇ. ಅದಕ್ಕೂ ಶೂನ್ಯ ದೋಷವುಂಟು. ಅದರ ಹೆಸರು ಆಸೆ. ಬೆಂಗಳೂರಿನ ತಂಡವು 2009, 2011, 2016ರ ಅಂತಿಮ ಪಂದ್ಯಗಳಲ್ಲಿ ಸೋತಿತು. ಕೊನೆಗೆ 2025ರ ಜೂನ್ 3ರಂದು, ಹದಿನೆಂಟನೆಯ ಋತುವಿನಲ್ಲಿ, ಅದಕ್ಕೆ ಮೊದಲ ಬಾರಿ ಕಪ್ಪು ದೊರೆಯಿತು. ಅದಕ್ಕೆ ಹಿಂದಿನ ವರ್ಷಗಳಲ್ಲಿ “ಈ ಸಲ ಕಪ್ ನಮ್ದೇ” ಎಂಬ ಕೂಗು ಬೀದಿಬೀದಿಗಳಲ್ಲಿ ಮೊಳಗುತ್ತಲೇ ಇದ್ದಿತು. ಅಭಿಮಾನವಾಗಿ ಅದು ಸೊಗಸಾದ ಕೂಗು, ನಾವೂ ಕೂಗಿದವರೇ. ಅದನ್ನೇ ಮುನ್ಸೂಚನೆಯೆಂದು ಬಗೆದು ಹಣ ಕಟ್ಟಿದವನು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತಾಯಿತು.

ಶೂನ್ಯ ದೋಷವನ್ನು ಕಳೆದರೂ ಉಳಿಯುವ ಅನಿಶ್ಚಯವೊಂದುಂಟು. ಇದೇ ತಂಡವು 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐದು ವಿಕೆಟ್ಟಿಗೆ 263 ರನ್ ಗಳಿಸಿತು. ಕ್ರಿಸ್ ಗೇಲ್ ಒಬ್ಬನೇ ಔಟಾಗದೆ 175 ರನ್ ಹೊಡೆದ. ಸರಿಯಾಗಿ ನಾಲ್ಕು ವರ್ಷಗಳ ಮೇಲೆ, 2017ರ ಏಪ್ರಿಲ್ 23ರಂದು, ಕೊಲ್ಕತ್ತದಲ್ಲಿ ಅದೇ ತಂಡ 49 ರನ್ನಿಗೆ ಸರ್ವಪತನ ಹೊಂದಿತು. ಗೇಲ್ ಅಂದೂ ಆಡಿದ್ದ, ವಿರಾಟ್ ಕೊಹ್ಲಿಯೂ ಇದ್ದ. ಆಟದ ಸ್ವಾರಸ್ಯವೆಲ್ಲ ಈ ಅನಿಶ್ಚಯದಲ್ಲಿಯೇ ಅಡಗಿದೆಯಲ್ಲವೆ? ಇದಲ್ಲದೆ ನಮ್ಮ ತೀರ್ಮಾನವೆಲ್ಲ ಆಟ ಪ್ರಾಮಾಣಿಕವೆಂಬ ನಂಬಿಕೆಯ ಮೇಲೆ ನಿಂತಿದೆ. 2000ದಲ್ಲಿ ದಕ್ಷಿಣ ಆಫ್ರಿಕದ ನಾಯಕ ಹ್ಯಾನ್ಸಿ ಕ್ರೋನ್ಯೆ ಬುಕ್ಕಿಗಳಿಂದ ಹಣ ಪಡೆದುದನ್ನು ಒಪ್ಪಿಕೊಂಡಾಗ ಆ ನೆಲವೂ ಅಲುಗಾಡಿತು.

ಹಾಗಾದರೆ ನಮ್ಮ ತೀರ್ಮಾನವನ್ನು ನಂಬಲೇಬಾರದೆ? ಹಾಗೆಂದು ನಾವು ಎಂದಿಗೂ ಹೇಳೆವು. ತನ್ನ ಬುದ್ಧಿಯನ್ನು ನಂಬದವನು ಪರರ ಬುದ್ಧಿಗೆ ಆಳಾಗುತ್ತಾನೆ. 1930ರಲ್ಲಿ ಸರ್ ಸಿ.ವಿ. ರಾಮನ್ನರು ನೊಬೆಲ್ ಬಹುಮಾನದ ಘೋಷಣೆಗೆ ಮೊದಲೇ ಸ್ವೀಡನ್ನಿನ ಪ್ರಯಾಣಕ್ಕೆ ಹಡಗಿನ ಟಿಕೆಟ್ಟನ್ನು ಕಾದಿರಿಸಿದ್ದರೆಂಬ ಮಾತು ಪ್ರಸಿದ್ಧವಾಗಿದೆ. ಅದೂ ಒಂದು ಪಣವೇ ಎನ್ನಬಹುದು. ಆದರೆ ಆ ವಿಶ್ವಾಸದ ಹಿಂದೆ ಎಂತಹ ದಾಖಲೆಯಿತ್ತೆಂಬುದನ್ನು ಗಮನಿಸಿರಿ. ಬೆಳಕಿನ ಚದರಿಕೆಯ ಆ ಹೊಸ ಪರಿಣಾಮವನ್ನು 1928ರ ಫೆಬ್ರವರಿಯಲ್ಲಿ ಪ್ರಕಟಿಸುವ ವೇಳೆಗೆ ರಾಮನ್ನರೂ ಕೆ.ಎಸ್. ಕೃಷ್ಣನ್ನರೂ ಅರವತ್ತು ದ್ರವಗಳನ್ನು ಪರೀಕ್ಷಿಸಿದ್ದರು. ಅವರ ನಂಬಿಕೆ ಅಳತೆಯ ಮೇಲೆ ನಿಂತಿತ್ತು.

ನಾವೂ ನಮ್ಮ ತೀರ್ಮಾನವನ್ನು ಅಳೆಯಬಹುದು. 1950ರಲ್ಲಿ ಗ್ಲೆನ್ ಬ್ರಯರ್ ಎಂಬ ಅಮೆರಿಕದ ಹವಾಮಾನ ಶಾಸ್ತ್ರಜ್ಞನು ಮಳೆಯ ಮುನ್ಸೂಚನೆಗಳ ಗುಣವನ್ನು ಪರೀಕ್ಷಿಸಲು ಒಂದು ಸರಳ ವಿಧಾನವನ್ನು ಸೂಚಿಸಿದನು. ಅದನ್ನು ಕ್ರಿಕೆಟ್ಟಿಗೆ ಅನ್ವಯಿಸೋಣ. ಪಂದ್ಯಕ್ಕೆ ಮೊದಲು ಒಂದು ಪುಸ್ತಕದಲ್ಲಿ, ಈ ತಂಡ ಗೆಲ್ಲುವ ಸಂಭವ 0.7 ಎಂದು ಬರೆಯಿರಿ. ತಂಡ ಗೆದ್ದರೆ ಫಲ 1, ಸೋತರೆ 0. ಎರಡರ ವ್ಯತ್ಯಾಸದ ವರ್ಗವೇ ನಿಮ್ಮ ದೋಷಾಂಕ: ಗೆದ್ದರೆ 0.09, ಸೋತರೆ 0.49. ಅನೇಕ ಪಂದ್ಯಗಳ ದೋಷಾಂಕಗಳ ಸರಾಸರಿಯನ್ನು ತೆಗೆಯಿರಿ. ಏನೂ ತಿಳಿಯದವನೊಬ್ಬ ಎಲ್ಲ ಪಂದ್ಯಗಳಿಗೂ 0.5 ಎಂದೇ ಬರೆದರೆ ಅವನ ಸರಾಸರಿ 0.25 ಆಗುತ್ತದೆ. ನಿಮ್ಮದು ಅದಕ್ಕಿಂತ ಕಡಿಮೆಯಿದ್ದರೆ ನಿಮ್ಮಲ್ಲಿ ಏನೋ ತಿಳಿವಳಿಕೆಯಿದ್ದಂತೆ ತೋರುತ್ತದೆ. ಹೆಚ್ಚಿದ್ದರೆ, ಅಜ್ಞಾನಿಗಿಂತಲೂ ಹಿಂದೆ ಉಳಿದಿರಿ!

ಪರೋಪದೇಶ ಸುಲಭವೆಂಬ ಆಕ್ಷೇಪಣೆಗೆ ಎಡೆಗೊಡದಂತೆ, ಈ ಪರೀಕ್ಷೆಯನ್ನು ಮೊದಲು ನಮ್ಮ ಮೇಲೆಯೇ ನಡೆಸಿದೆವು. ಒಂದು ಋತುವಿನಲ್ಲಿ ಇಪ್ಪತ್ತು ಪಂದ್ಯಗಳಿಗೆ ನಾವು ಬಹು ಧೈರ್ಯದಿಂದ 0.8 ಎಂದು ಬರೆದಿದ್ದೆವು. ಹನ್ನೆರಡು ನಿಜವಾದುವು, ಎಂಟು ಸುಳ್ಳಾದುವು. ಅರ್ಧಕ್ಕಿಂತ ಹೆಚ್ಚು ಸರಿಯಾಯಿತೆಂದು ಹಿಗ್ಗಿದೆವು. ಲೆಕ್ಕ ಮಾಡಿ ನೋಡಿದಾಗ ಸರಾಸರಿ ದೋಷಾಂಕ 0.28! ಅವೇ ಪಂದ್ಯಗಳಿಗೆ ವಿನಯದಿಂದ 0.6 ಎಂದು ಬರೆದಿದ್ದರೆ ಅದು 0.24 ಆಗುತ್ತಿತ್ತು. ಆಟದ ಬಗೆಗಿನ ನಮ್ಮ ತಿಳಿವಳಿಕೆ ಎರಡು ಲೆಕ್ಕಗಳಲ್ಲಿಯೂ ಒಂದೇ. ನಮ್ಮನ್ನು ಕೆಳಗೆ ತಳ್ಳಿದುದು ಮಿತಿಮೀರಿದ ನಿಶ್ಚಯ. ಇಪ್ಪತ್ತು ಪಂದ್ಯಗಳು ಅಲ್ಪ ಸಂಖ್ಯೆಯೇ ಸರಿ. ಆದರೆ ನಮ್ಮ ಜಂಬವನ್ನು ಇಳಿಸಲು ಅಷ್ಟು ಸಾಕಾಯಿತು. ಈ ಪಾಠಕ್ಕೆ ನಾವು ತೆತ್ತ ಬೆಲೆ ಒಂದು ನೋಟ್ ಪುಸ್ತಕದ್ದು ಮಾತ್ರ. ನಮ್ಮ ವಿದ್ಯಾರ್ಥಿಯ ಪಾಠಕ್ಕೆ ಅವನ ತಂದೆ ತೆತ್ತ ಬೆಲೆಯನ್ನು ಆಗಲೇ ಹೇಳಿದ್ದೇವೆ.

ಸರ್ಕಾರವೂ ನ್ಯಾಯಾಲಯಗಳೂ ಈ ವಿಷಯದಲ್ಲಿ ಬಹುಕಾಲದಿಂದ ವಿಚಾರ ನಡೆಸಿವೆ. ಕುದುರೆ ಪಂದ್ಯವು ಜಾಣ್ಮೆಯ ಆಟವೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಮಾನಿಸಿತು. ಹಣ ಹೂಡುವ ಆನ್‌ಲೈನ್ ಆಟಗಳನ್ನು ತಡೆಯಲು ನಮ್ಮ ರಾಜ್ಯ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ವಿಧಿಗಳನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು, ಜಾಣ್ಮೆಯದಾಗಲಿ ಅದೃಷ್ಟದ್ದಾಗಲಿ, ಹಣ ಹೂಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಕಾಯಿದೆ ಬೇಕೆಂಬುದೇ ನಮ್ಮ ಮತ. ಆದರೂ ಕಾಯಿದೆ ಅಂಗಡಿಯ ಬಾಗಿಲನ್ನು ಮುಚ್ಚಬಲ್ಲದೇ ಹೊರತು, “ನನಗೆ ಗೊತ್ತು” ಎಂಬ ಮನಸ್ಸಿನ ಬಾಗಿಲನ್ನು ಮುಚ್ಚಲಾರದು. ಜೂಜಿನ ಕೇಡನ್ನು ಬಲ್ಲ ಧರ್ಮರಾಯನೇ ಪಗಡೆಯ ಹಾಸಿನ ಮುಂದೆ ಕುಳಿತನಲ್ಲವೆ?

ವಿಶ್ವೇಶ್ವರಪುರಂಗೆ ಕೂಗಳತೆಯಲ್ಲಿರುವ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿದ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿದರು. ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂಬುದನ್ನು ಅವರು ತಮ್ಮ ಜೀವನದುದ್ದಕ್ಕೂ ವಿದ್ಯಾರ್ಥಿಗಳಿಗೆ ತಿಳಿಸುತ್ತ ಬಂದರು. ಗುರುವನ್ನು ಪ್ರಶ್ನಿಸಲು ಧೈರ್ಯ ಬೇಕು, ಗ್ರಂಥವನ್ನು ಪ್ರಶ್ನಿಸಲು ಇನ್ನಷ್ಟು ಧೈರ್ಯ ಬೇಕು. ಎಲ್ಲಕ್ಕಿಂತ ಕಠಿನವಾದುದು, ನಮ್ಮೊಳಗಿನಿಂದಲೇ ಬರುವ “ನನ್ನ ಮನಸ್ಸು ಹೇಳುತ್ತಿದೆ” ಎಂಬ ಮಾತನ್ನು ಪ್ರಶ್ನಿಸುವುದು.

ವಿದ್ಯಾರ್ಥಿ ಮಿತ್ರರೆ, ಆಟವನ್ನು ನೋಡಿರಿ, ಕೂಗಿರಿ, ಊಹಿಸಿರಿ. ಊಹೆಯನ್ನು ಪಂದ್ಯಕ್ಕೆ ಮೊದಲೇ ಬರೆದಿಡಿರಿ. ಸೋತ ಊಹೆಯನ್ನು ಅಳಿಸಬೇಡಿರಿ. ಗೆದ್ದುದು ಮಾತ್ರ ನೆನಪಿನಲ್ಲಿ ಉಳಿಯುವುದು ಮನಸ್ಸಿನ ಸ್ವಭಾವ. ಎರಡನ್ನೂ ಉಳಿಸುವುದು ಪುಸ್ತಕದ ಸ್ವಭಾವ. ನಾನೂರು ಪಂದ್ಯಗಳಾದ ಮೇಲೂ ನಿಮ್ಮ ಲೆಕ್ಕ ಚೆನ್ನಾಗಿದ್ದರೆ, ಆ ತೀರ್ಮಾನಶಕ್ತಿಗೆ ಬಾಜಿಯ ಕಟ್ಟೆಗಿಂತ ಯೋಗ್ಯವಾದ ಕೆಲಸ ಕಾದಿದೆ. ಮಳೆಯನ್ನು ಮುಂಗಾಣಬೇಕು, ರೋಗವನ್ನು ಗುರುತಿಸಬೇಕು, ಸೇತುವೆ ಎಷ್ಟು ಭಾರ ತಾಳೀತೆಂದು ಹೇಳಬೇಕು. ಅಲ್ಲಿ ಪಣವಾಗುವುದು ಪರರ ಬದುಕು. ಆದುದರಿಂದಲೇ ಅಳೆದು ನಂಬುವ ಅಭ್ಯಾಸವನ್ನು ಇಂದಿನಿಂದಲೇ ಮಾಡಿಕೊಳ್ಳಬೇಕು.

ನಮ್ಮ ಆ ವಿದ್ಯಾರ್ಥಿ ಪರೀಕ್ಷೆಯಲ್ಲಿ ತೇರ್ಗಡೆಯಾದ. ಈಗ ಅವನ ಚೀಲದಲ್ಲಿ ಒಂದು ನೋಟ್ ಪುಸ್ತಕವಿದೆ. ಮೊನ್ನೆ ಅದನ್ನು ತೋರಿಸಿ, “ಸಾರ್, ಇನ್ನೂ 0.26” ಎಂದು ನಕ್ಕ. ನಮಗಿಂತ ವಾಸಿಯೆಂದು ಹೇಳಿ ಕಳುಹಿಸಿದೆವು.